ಬೆಲ್ಲಾವೇರಿಯ ಕಣ

ಬೆಳಗ್ಗೆ ಆರೂ ಮುಕ್ಕಾಲು ಗಂಟೆಗೆ ಶಿವಬಸಪ್ಪನ ಡ್ರೈವ್‌ವೇ ತುಂಬ ಸಂಡಿಗೆ ಹರಡಿಯಾಗಿತ್ತು.

ಅದು 1997ರ ಜೂನ್ ತಿಂಗಳ ಎರಡನೆಯ ಶನಿವಾರ. ಊರು ಜಾರ್ಜಿಯಾ ರಾಜ್ಯದ ಡುಲುತ್. ಗ್ಯಾರೇಜಿನ ಬಾಗಿಲಿನಿಂದ ರಸ್ತೆಯಂಚಿನ ಅಂಚೆಪೆಟ್ಟಿಗೆಯವರೆಗೆ ನಾಲ್ಕು ಬಿಳಿ ಪಂಚೆ ಹಾಸಿತ್ತು. ಒಂದೊಂದರ ಮೇಲೂ ಅಕ್ಕಿ ಸಂಡಿಗೆಯ ಹಸಿ ಬಿಲ್ಲೆಗಳು ಕವಾಯತಿಗೆ ನಿಂತ ಪೊಲೀಸರ ಹಾಗೆ ಸಾಲು ಹಿಡಿದಿದ್ದವು. ನಟ್ಟನಡುವೆ, ಕಾಗೆ ಹೆದರಲೆಂದು, ಒಂದು ಕರಿ ಕೊಡೆ ಬಿಚ್ಚಿಟ್ಟಿತ್ತು. ಪಂಚೆಗಳು ಶಿವಬಸಪ್ಪನವು. ಕೊಡೆಯೂ ಅವನದೇ. ಸಂಡಿಗೆ ಮಾತ್ರ ಅವನ ಅತ್ತೆ ಮಹಾದೇವಕ್ಕನವರದು.

ನಂಜನಗೂಡಿನ ಮಹಾದೇವಕ್ಕ ಮಗಳ ಮನೆಗೆ ಬಂದು ಐದು ತಿಂಗಳಾಗಿತ್ತು. ಮೊದಲ ಕೆಲವು ತಿಂಗಳು ಅಮೆರಿಕದ ಬಿಸಿಲನ್ನು ಬೈದರು, ಅದು ಬರಲಿಲ್ಲವೆಂದು. ಅದು ಬಂದ ಮೇಲೆ, ಇಂಥ ಬಿಸಿಲನ್ನು ದಂಡ ಮಾಡುವ ಜನರನ್ನು ಬೈದರು. ಊರಿಗೆ ವಾಪಸು ಹೋಗುವ ಮುಂಚೆ ಮಗಳಿಗೆ ವರ್ಷಕ್ಕಾಗುವಷ್ಟು ಸಂಡಿಗೆ ಮಾಡಿಟ್ಟು ಹೋಗುವುದೆಂದು ತೀರ್ಮಾನವಾಯಿತು. ಹಿತ್ತಲಲ್ಲಿ ಪೈನ್ ಮರಗಳ ನೆರಳು. ನೆಲವೂ ತೊರೆಯ ಕಡೆಗೆ ಇಳಿಜಾರು. ಮನೆಯ ಮುಂದೆ ಹುಲ್ಲು. ಸಮತಟ್ಟಾಗಿ, ಶುಚಿಯಾಗಿ, ದಿನವಿಡೀ ಕಾಯುವ ಜಾಗವೆಂದರೆ ಡ್ರೈವ್‌ವೇ ಒಂದೇ.

ಶಿವಬಸಪ್ಪ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದ. ನೋಡಿದ. ಉಜ್ಜುವುದು ನಿಂತಿತು.

"ಅತ್ತೆ, ಇವತ್ತೊಂದಿನ ಬೇಡ ಅಂತ ನಿನ್ನೆನೇ ಹೇಳಿದ್ನಲ್ಲ."

"ನೀವೇನೋ ನಂಗೆ ಹೇಳಿದ್ರಿ. ಬಿಸ್ಲಿಗೆ ಯಾರ್ ಹೇಳೋರು, ಅಳಿಯಂದ್ರೆ?" ಮಹಾದೇವಕ್ಕ ಕೊನೆಯ ಸಾಲಿನ ಬಿಲ್ಲೆಯೊಂದನ್ನು ಚಮಚದ ಬೆನ್ನಿನಿಂದ ದುಂಡಗೆ ಮಾಡುತ್ತ ಹೇಳಿದರು. "ಕತ್ಲಲ್ಲೆದ್ದು ಹಿಟ್ಟು ಬೇಯಿಸಿವ್ನಿ. ಇನ್ನದನ್ನ ಪಾತ್ರೆಗೆ ವಾಪಸ್ ತುಂಬಕ್ಕಾಗ್ತದಾ?"

"ಇವತ್ತು ಆ ಇಟಲಿ ಕೌಂಟ್ ಬರ್ತಾನೆ. ಬೀದಿ ಬೀದಿ ನೋಡ್ಕೊಂಡು ಹೋಗ್ತಾನೆ."

"ನೋಡ್ಲಿ ಬುಡಿ. ತುಳೀಬೇಡ ಅಂತ ಒಂದ್ ಮಾತು ಹೇಳಿ."

ಇಟಲಿಯ ಕೌಂಟ್ ಡುಲುತ್ತಿಗೆ ಯಾಕೆ ಬರುತ್ತಾನೆಂಬುದಕ್ಕೆ ಕಾರಣ ಒಂದು ಕ್ಯಾಲೆಂಡರ್. ಕೆಲವು ವರ್ಷಗಳ ಹಿಂದೆ ಆ ಜಾಗ ಕೋಳಿ ಫಾರಂ ಆಗಿತ್ತು. ಒಬ್ಬ ಬಿಲ್ಡರ್ ಕೋಳಿಗಳನ್ನು ಖಾಲಿ ಮಾಡಿಸಿ ಅರವತ್ತೆರಡು ಮನೆ ಕಟ್ಟಿದ. ಕೋಳಿ ಫಾರಮ್ಮಿನ ಹೆಸರಲ್ಲಿ ಮನೆ ಮಾರುವುದು ಕಷ್ಟ. ಅವನ ಅಡುಗೆಮನೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಇಟಲಿಯ ಹಳ್ಳಿಬಂಗಲೆಗಳ ಚಿತ್ರಗಳಿದ್ದವು. ಏಪ್ರಿಲ್, ಮೇ, ಜೂನ್ ಪುಟಗಳಲ್ಲಿ ಬೆಲ್ಲಾವೇರಿ ಎಂಬ, ಕೌಂಟ್ ಬಿರುದಿನ ಮನೆತನದ ಮೂರು ವಿಲ್ಲಾಗಳು. ಬಡಾವಣೆಗೆ 'ವಿಲ್ಲಾಸ್ ಆಫ್ ಬೆಲ್ಲಾವೇರಿ' ಎಂದು ಹೆಸರಾಯಿತು. ಏಪ್ರಿಲ್ ದೊಡ್ಡ ಮಾಡೆಲ್, ಮೇ ನಡುವಿನದು, ಜೂನ್ ಸಣ್ಣದು. ಶಿವಬಸಪ್ಪನದು ಜೂನ್. ಬಡಾವಣೆಯ ಗೇಟಿನಲ್ಲಿ ಕೂರಿಸಿದ ಎರಡು ಪ್ಲಾಸ್ಟರ್ ಸಿಂಹಗಳು ಹಲ್ಲುನೋವು ಬಂದ ನಾಯಿಗಳ ಹಾಗಿದ್ದವು.

ಮನೆ ಕೊಂಡವನಿಗೆ ಅಸೋಸಿಯೇಷನ್ ಸೇರದೆ ವಿಧಿಯಿಲ್ಲ. ಅದರ ನಿಯಮಗಳಲ್ಲಿ ಅಂಚೆಪೆಟ್ಟಿಗೆಯ ಬಣ್ಣದಿಂದ ಹಿಡಿದು ಕಸದ ಡಬ್ಬಿ ಯಾವಾಗ ಹೊರಗೆ ಮುಖ ತೋರಿಸಬಹುದು ಎಂಬವರೆಗೆ ಎಲ್ಲವೂ ಇತ್ತು. ರಸ್ತೆಯಲ್ಲಿ ಕಾರು ನಿಲ್ಲಿಸಬಾರದು. ಮನೆಯ ಮುಂದೆ ಏನನ್ನೂ ಒಣಹಾಕಬಾರದು. ವಿಲ್ಲಾದ ಘನತೆಗೆ ಒಪ್ಪದ್ದನ್ನು ಕಟ್ಟಬಾರದು. ಯಾವುದು ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ಹೇಳುವವರು ಅಧ್ಯಕ್ಷೆ ಮಿಸೆಸ್ ಪ್ರೂಯಿಟ್. ಅವರು ಇಟಲಿಯನ್ನು ನೋಡಿರಲಿಲ್ಲ. ಕ್ಯಾಲೆಂಡರ್ ಮಾತ್ರ ಅವರ ಹತ್ತಿರ ಇತ್ತು.

ಆ ಅಧ್ಯಕ್ಷೆಗೆ ಶಿವಬಸಪ್ಪ ಒಂದು ಅರ್ಜಿ ಕೊಟ್ಟಿದ್ದ. ಡ್ರೈವ್‌ವೇಯಲ್ಲಿ ಬ್ಯಾಸ್ಕೆಟ್‌ಬಾಲ್ ಹೂಪ್, ಅಂದರೆ ಕಂಬಕ್ಕೆ ಕಟ್ಟಿದ ಬಳೆ, ನಿಲ್ಲಿಸಬೇಕು ಎಂದು. ಮಗಳು ನಿಧಿಗೆ ಮರುದಿನ ಹತ್ತು ತುಂಬುತ್ತಿತ್ತು. ಮುಂದಿನ ಶನಿವಾರ ಹೆಂಗಸರ ಹೊಸ ಬ್ಯಾಸ್ಕೆಟ್‌ಬಾಲ್ ಲೀಗ್ ಟೀವಿಯಲ್ಲಿ ಶುರುವಾಗಲಿತ್ತು. ಅದರಲ್ಲಿ ಆಡುವುದೆಂದು ನಿಧಿ ತೀರ್ಮಾನಿಸಿಯಾಗಿತ್ತು. ಬಾಕಿ ಇದ್ದದ್ದು ಎತ್ತರ ಮತ್ತು ಹೂಪ್. ಹುಟ್ಟುಹಬ್ಬದ ದಿನ ಹೂಪ್ ನಿಲ್ಲಿಸುತ್ತೇನೆಂದು ಶಿವಬಸಪ್ಪ ಮಾತು ಕೊಟ್ಟಿದ್ದ. ಹೂಪ್ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಗ್ಯಾರೇಜಿನೊಳಗೆ ಕಾಯುತ್ತಿತ್ತು. ಕೌಂಟನ ಸ್ವಾಗತ ಮುಗಿದ ಕೂಡಲೇ ಅಸೋಸಿಯೇಷನ್ನಿನ ಬೋರ್ಡು ಆ ಅರ್ಜಿಯನ್ನು ಎತ್ತಿಕೊಳ್ಳಲಿತ್ತು. ನಿಯಮ ಮುರಿದ ಮನೆಯ ಅರ್ಜಿಯನ್ನು ಬೋರ್ಡು ಓದುವುದೇ ಇಲ್ಲ ಎಂಬುದೂ ಒಂದು ನಿಯಮ.

ಶಿವಬಸಪ್ಪನ ಕೆಲಸ ಒಂದು ಫೋನ್ ಕಂಪನಿಯಲ್ಲಿ. ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳಿಗೆ ತಲೆ ಕೆಡದಂತೆ ಹಳೆಯ ಪ್ರೋಗ್ರಾಮುಗಳನ್ನು ತಿದ್ದುವುದು. ಮೂರು ವರ್ಷ ಆಮೇಲೆ ಬರುವ ಅನಾಹುತವನ್ನು ಈಗಲೇ ಕಾಣಬಲ್ಲವನಿಗೆ ಇನ್ನು ನಾಲ್ಕು ತಾಸಿನಲ್ಲಿ ಬರುವುದು ಕಾಣದೆ ಇರುತ್ತದೆಯೇ. ಹೆಂಡತಿ ನೀರಜಾ ಆಸ್ಪತ್ರೆಯ ಲ್ಯಾಬಿನಲ್ಲಿ ಶನಿವಾರದ ಪಾಳಿಗೆಂದು ಬೆಳಕಾಗುವ ಮುಂಚೆಯೇ ಹೊರಟುಹೋಗಿದ್ದಳು. ಹೋಗುವಾಗ ಹೇಳಿದ್ದು ಒಂದೇ ಮಾತು: "ಅಮ್ಮನ ಜೊತೆ ವಾದ ಮಾಡ್ಬೇಡಿ."

"ಅಪ್ಪಾ," ನಿಧಿ ಪೈಜಾಮದಲ್ಲೇ ಬಂದು ಪಕ್ಕದಲ್ಲಿ ನಿಂತಳು. "ಅಜ್ಜಿ ಸಂಡಿಗೆ ಇಸ್ ಆನ್ ದ ಕೋರ್ಟ್."

"ಗೊತ್ತು ಮರಿ."

"ವಿಲ್ ದೇ ಸ್ಟಿಲ್ ಸೇ ಯೆಸ್?"

"ನಾನು ನೋಡ್ಕೋತೀನಿ," ಎಂದ ಶಿವಬಸಪ್ಪ. ಏನು ನೋಡಿಕೊಳ್ಳುವುದೆಂದು ಅವನಿಗೆ ಗೊತ್ತಿರಲಿಲ್ಲ.

ಆಗ ಬದರಿನಾಥ ಬಂದ. ಎರಡು ಮನೆ ಆಚೆ, ಮೇ ಮಾಡೆಲ್ಲಿನಲ್ಲಿ ಅವನ ವಾಸ. ಬೋರ್ಡಿನಲ್ಲಿದ್ದ ಒಬ್ಬನೇ ಭಾರತೀಯ. ಬೆಳಗಿನ ವಾಕಿಂಗನ್ನು ಅವನು ತಪಾಸಣೆಯ ಹಾಗೆ ಮಾಡುತ್ತಿದ್ದ. ಎರಡೂ ಕೈ ಬೆನ್ನ ಹಿಂದೆ, ಕಣ್ಣು ಪರರ ಹುಲ್ಲಿನ ಮೇಲೆ.

"ಏನ್ರೀ ಶಿವಬಸಪ್ಪ, ಇದೇನು ನಂಜನಗೂಡು ಜಾತ್ರೇನಾ? ಕೌಂಟ್ ಹನ್ನೊಂದಕ್ಕೆ ಬರ್ತಾರೆ. ನಿಮ್ಮ ಹೂಪ್ ಮ್ಯಾಟ್ರು ಇವತ್ತೇ ಇರೋದು."

"ನಂಗೆ ಗೊತ್ತಿಲ್ವಾ ಸಾರ್. ಅತ್ತೆ ಕೇಳ್ಬೇಕಲ್ಲ."

"ಕೇಳೋದೇನು? ಎತ್ತಿ ಗ್ಯಾರೇಜಲ್ಲಿಡಿ. ನೀವಾ ಕಡೆ ಹಿಡೀರಿ, ನಾನೀ ಕಡೆ. ಟೂ ಮಿನಿಟ್ಸ್ ಕೆಲಸ."

ಮಹಾದೇವಕ್ಕ ಹೂಜಿ ತುಂಬಲು ಒಳಗೆ ಹೋಗಿದ್ದರು. ಗಂಡಸರಿಬ್ಬರೂ ಮೊದಲ ಪಂಚೆಯ ತಲಾ ಎರಡು ಮೂಲೆ ಹಿಡಿದು ಎತ್ತಿದರು. ಹಸಿ ಸಂಡಿಗೆಯನ್ನು ಬಟ್ಟೆಯ ಸಮೇತ ಎತ್ತಬಾರದೆಂದು ಅವರಿಬ್ಬರ ತಾಯಂದಿರಿಗೂ ಗೊತ್ತಿತ್ತು; ಗಂಡುಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಪಂಚೆ ನಡುವೆ ಜೋತುಬಿತ್ತು. ಬಿಲ್ಲೆಗಳೆಲ್ಲ ನಿಧಾನವಾಗಿ, ಬಸ್ಸಿನಲ್ಲಿ ನಿದ್ದೆ ಹೋದವರು ಒಬ್ಬರ ಮೇಲೊಬ್ಬರು ವಾಲುವ ಹಾಗೆ, ನಡುವಿಗೆ ಸರಿದು ಒಂದೇ ಗುಪ್ಪೆಯಾದವು. ಗುಪ್ಪೆ ಕುಂಬಳಕಾಯಿಯಷ್ಟಿತ್ತು.

ಮಹಾದೇವಕ್ಕ ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. ಬದರಿನಾಥನನ್ನು ಮೇಲಿಂದ ಕೆಳಗೆ ನೋಡಿ, "ಇವ್ರೂ ಬೋಲ್ಡಲ್ಲಿ ಇರೋರಾ?" ಎಂದು ಅಳಿಯನನ್ನು ಕೇಳಿದರು.

"ಬೋರ್ಡು, ಅತ್ತೆ."

"ಅದೇ," ಎಂದು ಕೂತು, ಗುಪ್ಪೆಯನ್ನು ಮತ್ತೆ ಚಮಚದಲ್ಲಿ ತೆಗೆದು ಬಿಲ್ಲೆ ಬಿಡತೊಡಗಿದರು.

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಗಾಲ್ಫ್ ಕಾರ್ಟಿನ ಗುಂಯ್‌ಗುಡುವಿಕೆ ಕೇಳಿಸಿತು. ಮಿಸೆಸ್ ಪ್ರೂಯಿಟ್ ಕಡೆಯ ತಪಾಸಣೆಗೆ ಹೊರಟಿದ್ದರು. ಬಿಳಿ ಕೂದಲು, ಕೆಂಪು ಕೋಟು. ಮಾತು ಸಿಹಿ ಚಹಾದ ಹಾಗೆ, ತಳದಲ್ಲಿ ಸಕ್ಕರೆ ನಿಂತಿರುವಂಥದು.

"ಬಂದ್ರು," ಎಂದ ಬದರಿನಾಥ. ತಾನು ಒಂದು ಪಂಚೆಯ ಮೂಲೆ ಹಿಡಿದುಕೊಂಡು ನಿಂತಿರುವುದು ಅವನ ಅರಿವಿಗೆ ಬಂತು. ಮುಂದಿನ ಚುನಾವಣೆಯಲ್ಲಿ ಅವನು ಉಪಾಧ್ಯಕ್ಷನಾಗಬೇಕಿತ್ತು. "ಶಿವಬಸಪ್ಪ, ಸುಮ್ನೆ ಹೂಂ ಅನ್ನಿ. ಈ ದೇಶದಲ್ಲಿ ಧರ್ಮ ಅಂದ್ರೆ ಯಾರೂ ಕೈ ಹಾಕಲ್ಲ."

ಕಾರ್ಟ್ ನಿಂತಿತು. ಮಿಸೆಸ್ ಪ್ರೂಯಿಟ್ ಪಂಚೆಗಳನ್ನು ನೋಡಿದರು, ಕೊಡೆಯನ್ನು ನೋಡಿದರು, ಶಿವಬಸಪ್ಪನ ಬಾಯಲ್ಲಿದ್ದ ಬ್ರಷ್ಷನ್ನು ನೋಡಿದರು.

"ಶೀವಾ, ಹನೀ," ಎಂದರು, "ಇದೇನು?"

"ಪೂಜೆ," ಎಂದ ಬದರಿನಾಥ ಇಂಗ್ಲಿಷಿನಲ್ಲಿ. "ಬಹಳ ಪುರಾತನವಾದದ್ದು. ಸೂರ್ಯದೇವರಿಗೆ ಅಕ್ಕಿಯ ನೈವೇದ್ಯ. ಮನೆಯ ಹಿರಿಯ ಹೆಂಗಸು ಮಾಡುತ್ತಾಳೆ."

ಮಿಸೆಸ್ ಪ್ರೂಯಿಟ್ ಮೂವತ್ತು ವರ್ಷ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಭಾನುವಾರದ ಪಾಠ ಹೇಳಿಕೊಟ್ಟವರು. ದೇವರ ವಿಷಯದಲ್ಲಿ ಅವರಿಗೆ ಭಯವಿತ್ತು, ಅದು ಬೇರೆಯವರ ದೇವರಾದರೂ ಸರಿ. ಆದರೂ ಅವರು ಬದರಿನಾಥನನ್ನು ಬಿಟ್ಟು ಶಿವಬಸಪ್ಪನ ಕಡೆ ತಿರುಗಿದರು. "ಹೌದಾ, ಶೀವಾ? ಇದು ಪವಿತ್ರವಾದದ್ದಾ?"

ಶಿವಬಸಪ್ಪ ಮಗಳನ್ನು ನೋಡಿದ. ಗ್ಯಾರೇಜಿನ ಒಳಗಿದ್ದ ಪೆಟ್ಟಿಗೆಯನ್ನು ನೆನೆದ. ಬ್ರಷ್ಷು ತೆಗೆದ.

"ಹೌದು ಮೇಡಂ," ಎಂದ. "ಬಹಳ ಪವಿತ್ರ."

"ಹಾಗಾದರೆ ಇದನ್ನು ಒಣಹಾಕಿದ್ದು ಎಂದು ಹೇಳಲಾಗುವುದಿಲ್ಲ," ಎಂದರು ಮಿಸೆಸ್ ಪ್ರೂಯಿಟ್ ಯೋಚಿಸಿ. ಮಹಾದೇವಕ್ಕನವರಿಗೆ ಕೈ ಜೋಡಿಸಿ ತಲೆ ಬಾಗಿಸಿದರು. ಈಜುಕೊಳದ ಹತ್ತಿರ ಇಟ್ಟಿದ್ದ ಕಿತ್ತಳೆ ಬಣ್ಣದ ಕೋನ್‌ಗಳನ್ನು ತರಿಸಿ, ಯಾರೂ ತುಳಿಯದ ಹಾಗೆ ಡ್ರೈವ್‌ವೇಯ ಬಾಯಿಗೆ ತಾವೇ ನಿಂತು ಇಡಿಸಿದರು. ಹೋಗುವ ಮುಂಚೆ ಶಿವಬಸಪ್ಪನ ತೋಳು ತಟ್ಟಿ, "ನಿನ್ನ ಅರ್ಜಿ ಇವತ್ತು ಓದುತ್ತೇವೆ, ಹನೀ," ಎಂದರು.

"ನೋಡಿದ್ರಾ?" ಎಂದ ಬದರಿನಾಥ.

"ಆಯಮ್ಮ ಯಾಕೆ ನಂಗೆ ಕೈ ಮುಗಿದ್ಲು?" ಎಂದು ಮಹಾದೇವಕ್ಕ ಕೇಳಿದರು.

"ಸಂಡಿಗೆ ಚೆನ್ನಾಗಿದೆ ಅಂತ, ಅತ್ತೆ."

"ಕರೀದೆ ಹೆಂಗೊತ್ತಾಯ್ತು?"

ಹನ್ನೊಂದು ಗಂಟೆಗೆ ಅರ್ಧ ಬಡಾವಣೆ ಗೇಟಿನ ಸಿಂಹಗಳ ಹತ್ತಿರ ನೆರೆದಿತ್ತು. ನಿಂಬೆ ಶರಬತ್ತು, ಹೈಸ್ಕೂಲಿನ ಕಹಳೆ ಊದುವ ಹುಡುಗರು, ಹೊಸ ಕಾರಂಜಿಗೆ ಕಟ್ಟಿದ ರಿಬ್ಬನ್ನು, ಎಲ್ಲವೂ ಇದ್ದವು. ಕೌಂಟ್ ಮಾತ್ರ ಇರಲಿಲ್ಲ. ಅವನು ಅಟ್ಲಾಂಟಾದ ಒಂದು ಆಹಾರ ಮೇಳಕ್ಕೆ ಬಂದಿದ್ದವನು; ಅಲ್ಲಿಂದ ಶಾರ್ಲೆಟ್ಟಿಗೆ ಹೋಗುವ ಹೆದ್ದಾರಿಯಿಂದ ಡುಲುತ್ ಹತ್ತೇ ನಿಮಿಷ ಎಂದು ಮಿಸೆಸ್ ಪ್ರೂಯಿಟ್ ಮೂರು ಸಲ ಬರೆದ ಮೇಲೆ ಒಪ್ಪಿಕೊಂಡಿದ್ದ. ಎಲ್ಲರೂ ಉದ್ದನೆಯ ಕರಿ ಕಾರಿಗಾಗಿ ರಸ್ತೆ ನೋಡುತ್ತಿದ್ದರು. ಬಂದದ್ದು ಒಂದೇ ಕಾರು, ಬಾಡಿಗೆಯ ಬೂದುಬಣ್ಣದ ಸಣ್ಣ ಕಾರು. ಅದರಲ್ಲಿದ್ದ, ಅಂಗಿಯ ತೋಳು ಮಡಚಿದ ಮುದುಕ ಕಿಟಕಿ ಇಳಿಸಿ ಏನೋ ಕೇಳುವುದರೊಳಗೆ ಬದರಿನಾಥ, "ಐಸ್ ತಂದವರು ಒಳಗಡೆ ಹೋಗಿ, ಎರಡನೆಯ ಎಡಕ್ಕೆ," ಎಂದು ಕೈ ತೋರಿಸಿ ಕಳಿಸಿಬಿಟ್ಟ.

ಎರಡನೆಯ ಎಡಕ್ಕೆ ಇದ್ದದ್ದು ಶಿವಬಸಪ್ಪನ ಬೀದಿ.

ಕಾದು ಕಾದು ಶರಬತ್ತಿನ ಐಸೆಲ್ಲ ಕರಗಿದ ಮೇಲೆ ನಿಧಿ ಓಡಿಬಂದಳು.

"ಅಪ್ಪಾ, ಒಬ್ರು ತಾತ ಅಜ್ಜಿ ಜೊತೆ ಕೂತ್ಕೊಂಡು ಅಳಿಲು ಓಡಿಸ್ತಿದಾರೆ. ಹಿ ಸೇಸ್ ಹಿ ಇಸ್ ದ ಕೌಂಟ್."

ಮಿಸೆಸ್ ಪ್ರೂಯಿಟ್ ಕಾರ್ಟ್ ಹತ್ತಿದರು. ಉಳಿದವರು ಹಿಂದೆ ಓಡಿದರು. ಕಹಳೆಯ ಹುಡುಗರೂ ಓಡಿದರು. ಅವರಲ್ಲೊಬ್ಬ ಓಡುತ್ತಲೇ ಊದಿದ.

ಕೌಂಟ್ ಒತ್ತಾವಿಯೊ ಬೆಲ್ಲಾವೇರಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಪ್ಯಾಂಟು ಮೊಳಕಾಲಿಗೆ ಮಡಚಿಕೊಂಡು ಕೂತಿದ್ದ. ಕೈಯಲ್ಲಿ ಪೈನ್ ಮರದ ಉದ್ದ ಕೋಲು. ತೊಡೆಯ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಹಿಂದಿನ ವಾರ ಒಣಗಿಸಿ ಈಗ ಕರಿದ ಸಂಡಿಗೆ. ಅಳಿಲೊಂದು ಮೂರನೆಯ ಪಂಚೆಯ ಅಂಚಿಗೆ ಬಂದದ್ದೇ ಅವನು ಕೋಲು ಬೀಸಿದ. ಎದುರಿನ ಮೆಟ್ಟಿಲ ಮೇಲೆ ಕೂತಿದ್ದ ಮಹಾದೇವಕ್ಕ, "ಭೇಷ್," ಎಂದರು.

"ಅಳಿಯಂದ್ರೆ, ಎಲ್ಲಿಂದ ಕರ್ಸಿದ್ರಿ ಇವ್ರನ್ನ? ಬಲೇ ಕೆಲಸಗಾರ. ಹೇಳ್ಕೊಡೋ ಹಂಗೇ ಇಲ್ಲ."

"ಅತ್ತೆ, ಅವರೇ ಕೌಂಟ್."

"ಆಗ್ಲಿ, ಅದಕ್ಕೇನಂತೆ."

ಮಿಸೆಸ್ ಪ್ರೂಯಿಟ್‌ಗೆ ತಟ್ಟೆ ಕಾಣಿಸಿತು. ಅವರ ಮುಖದ ಬಣ್ಣ ಹೋಯಿತು. "ಕೌಂಟ್, ದಯವಿಟ್ಟು ತಿನ್ನಬೇಡಿ. ಅದು ಅವರ ದೇವರ ನೈವೇದ್ಯ."

"ಯಾವ ದೇವರು?" ಎಂದ ಕೌಂಟ್, ಅಗಿಯುವುದನ್ನು ನಿಲ್ಲಿಸದೆ.

ಎಲ್ಲರೂ ಶಿವಬಸಪ್ಪನನ್ನು ನೋಡಿದರು.

"ಸೂರ್ಯ," ಎಂದ ಶಿವಬಸಪ್ಪ.

"ಸರಿಯಾದ ದೇವರು. ಅವನ ಪಾಲು ಅವನು ತಿಂದಾಗಿದೆ, ಇದು ನನ್ನ ಪಾಲು." ಕೌಂಟ್ ಇನ್ನೊಂದು ಸಂಡಿಗೆ ಬಾಯಿಗೆ ಹಾಕಿಕೊಂಡ. "ಇದು ಅಕ್ಕಿ. ಈ ವಾಸನೆಗೆ ನಾನು ಕಾರು ನಿಲ್ಲಿಸಿದೆ. ನಾವು ನಾನೂರು ವರ್ಷದಿಂದ ಅಕ್ಕಿ ಬೆಳೆಯುವವರು."

"ನೀವು ಕೌಂಟುಗಳು," ಎಂದು ಮಿಸೆಸ್ ಪ್ರೂಯಿಟ್ ಮೆಲ್ಲಗೆ ತಿದ್ದಿದರು.

"ಅದು ಆಮೇಲಿನದು. ವೆನಿಸ್ಸಿನವರು ತುರ್ಕರ ಮೇಲೆ ಯುದ್ಧ ಮಾಡಲು ದುಡ್ಡು ಸಾಲದೆ ಬಿರುದುಗಳನ್ನು ಮಾರಿದರು. ಅಕ್ಕಿ ಮಾರಿ ಬಂದ ದುಡ್ಡಿನಲ್ಲಿ ನಮ್ಮ ಹಿರೀಕನೊಬ್ಬ ಒಂದು ಕೊಂಡ." ಕೌಂಟ್ ಕೋಲಿನಿಂದ ಡ್ರೈವ್‌ವೇಯನ್ನು ತೋರಿಸಿದ. "ವಿಲ್ಲಾ ಎಂದರೆ ಅರಮನೆಯಲ್ಲ, ಮೇಡಂ. ಬೇಸಾಯದ ಮನೆ. ಮನೆಯ ಮುಂದೆ ಹೀಗೇ ಒಂದು ಗಟ್ಟಿ ನೆಲ. ಅದರ ಮೇಲೆ ಭತ್ತ ಒಣಗುತ್ತದೆ. ನನ್ನ ಅಜ್ಜಿ ಹೀಗೇ ಕುರ್ಚಿ ಹಾಕಿಕೊಂಡು, ಹೀಗೇ ಕೋಲು ಹಿಡಿದು ಕೂರುತ್ತಿದ್ದಳು."

"ವಾಟ್ ಇಸ್ ಹಿ ಸೇಯಿಂಗ್, ಅಂತ ಅಜ್ಜಿ ಕೇಳ್ತಿದಾರೆ," ಎಂದು ನಿಧಿ ಅರ್ಧ ಅವರಿಗೆ, ಅರ್ಧ ಇವರಿಗೆ ಹೇಳಿ, ಆಮೇಲೆ ಅಜ್ಜಿಗೆ ತಿಳಿಸಿದಳು: "ಅವರ ಮನೆ ಮುಂದೆ ರೈಸ್ ಒಣಗ್ಸೋ ಫ್ಲೋರ್ ಇತ್ತು ಅಂತೆ ಅಜ್ಜಿ."

"ಕಣ ಅನ್ನು," ಎಂದರು ಮಹಾದೇವಕ್ಕ. "ಇವ್ರ ಮನೇಲಿ ಕಣ ಇತ್ತಾ? ಹಂಗಾದ್ರೆ ಒಳ್ಳೆ ಮನೆತನವೇ."

ನೆರೆದವರಿಗೆ ಧೈರ್ಯ ಬಂತು. ಒಬ್ಬೊಬ್ಬರೇ ತಮ್ಮ ಮಾಡೆಲ್ಲಿನ ಬಗ್ಗೆ ಕೇಳತೊಡಗಿದರು. ಮಿಸೆಸ್ ಪ್ರೂಯಿಟ್ ಮೊದಲಿಗರು. ಅವರದು ಏಪ್ರಿಲ್, ಎರಡು ಅಂತಸ್ತಿನ, ಕಿಟಕಿಗಳ ಸಾಲೇ ಇದ್ದ ದೊಡ್ಡ ವಿಲ್ಲಾ.

"ಅದಾ? ಅದರ ಮಹಡಿಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು," ಎಂದ ಕೌಂಟ್. "ಹುಳಗಳಿಗೆ ಗಾಳಿ ಬೇಕು ನೋಡಿ. ಅದಕ್ಕೇ ಅಷ್ಟು ಕಿಟಕಿ."

ನಿಧಿ ತಿಳಿಸಿದ ಮೇಲೆ ಮಹಾದೇವಕ್ಕ ಮಿಸೆಸ್ ಪ್ರೂಯಿಟ್ ಕಡೆ ಕನಿಕರದಿಂದ ನೋಡಿದರು. "ಪಾಪ, ಹುಳದ ಮನೇಲಾ ಇರೋದು? ವಾಸ್ನೆ ಬರಲ್ವಾ ಕೇಳು."

ನಿಧಿ ಅದನ್ನು ಇಂಗ್ಲಿಷಿಗೆ ತರಲಿಲ್ಲ. ಬದರಿನಾಥ ಗಂಟಲು ಸರಿಮಾಡಿಕೊಂಡು ತನ್ನ ಮೇ ತಿಂಗಳ ವಿಲ್ಲಾವನ್ನು ವಿಚಾರಿಸಿದ.

"ಅದರ ಛಾವಣಿ ಬಿದ್ದುಹೋಗಿದೆ. ಈಗ ಪಾರಿವಾಳಗಳಿವೆ," ಎಂದ ಕೌಂಟ್. "ಜೂನ್ ತಿಂಗಳದ್ದರಲ್ಲಿ ನಾವಿದ್ದೇವೆ. ನಾಲ್ಕು ಕೋಣೆಗಳಲ್ಲಿ. ಮಿಕ್ಕವನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ಆಗುವುದಿಲ್ಲ. ಈ ಬಡಾವಣೆಯನ್ನೆಲ್ಲ ಸುತ್ತಿಬಂದೆ, ಐಸ್ ಇಳಿಸುವ ಜಾಗ ಹುಡುಕಿಕೊಂಡು. ಅರವತ್ತೆರಡು ಮನೆಗಳಲ್ಲಿ ಇದೊಂದು ಮಾತ್ರ ವಿಲ್ಲಾ."

ಶಿವಬಸಪ್ಪನಿಗೆ ಜೀವಮಾನದಲ್ಲಿ ಯಾರೂ ಇಂಥ ಮಾತು ಹೇಳಿರಲಿಲ್ಲ. ಬಡಾವಣೆಯ ಅತಿ ಸಣ್ಣ ಮಾಡೆಲ್ಲಿನ ಒಡೆಯ, ಅಂಗಿಗೆ ಸಂಡಿಗೆ ಹಿಟ್ಟು ಮೆತ್ತಿಕೊಂಡು, ಮದುವೆಯ ಗಂಡಿನ ಹಾಗೆ ನಿಂತ. ಆ ಗುಂಗಿನಲ್ಲಿ ಅವನಿಗೆ ಬುದ್ಧಿಯೂ ಬಂತು. ಕೇಳುವುದಾದರೆ ಈಗಲೇ.

"ಕೌಂಟ್," ಎಂದ, "ನಿಮ್ಮ ವಿಲ್ಲಾದಲ್ಲಿ ಬ್ಯಾಸ್ಕೆಟ್‌ಬಾಲ್ ಹೂಪ್ ಇತ್ತಾ?"

ಬದರಿನಾಥ ಆಕಾಶ ನೋಡಿದ. ಹೂಪ್ ನಿಂತರೆ ಬಡಾವಣೆಯ ಬೆಲೆ ಬೀಳುತ್ತದೆಂದು ಬೋರ್ಡಿನಲ್ಲಿ ಎರಡು ಸಲ ವಾದಿಸಿದ್ದವನು ಅವನೇ.

"ಇತ್ತಾ ಅಂದರೆ? ಈಗಲೂ ಇದೆ," ಎಂದ ಕೌಂಟ್. "ನಲವತ್ತೈದರಲ್ಲಿ ಯುದ್ಧ ಮುಗಿದಾಗ ಅಮೆರಿಕದ ಸಿಪಾಯಿಗಳು ನಮ್ಮಲ್ಲಿ ಬಿಡಾರ ಮಾಡಿದ್ದರು. ದ್ರಾಕ್ಷಾರಸದ ಪೀಪಾಯಿಯ ಕಬ್ಬಿಣದ ಪಟ್ಟಿ ಬಿಚ್ಚಿ ಹೂಪ್ ಮಾಡಿ ನಿಲ್ಲಿಸಿದರು. ನನಗಾಗ ಎಂಟು ವರ್ಷ. ಅಲ್ಲೇ ಕಲಿತೆ."

ಗುಂಪಿನಲ್ಲಿ ಚಪ್ಪಾಳೆ ಬಿತ್ತು. ಮಿಸೆಸ್ ಪ್ರೂಯಿಟ್ ಕಣ್ಣೊರೆಸಿಕೊಂಡರು. ಅವರ ಅಣ್ಣ ಇಟಲಿಯಲ್ಲಿ ಯುದ್ಧ ಮಾಡಿದ್ದ. ಬೋರ್ಡಿನ ಮೂವರೂ ಅಲ್ಲೇ ಇದ್ದುದರಿಂದ ಸಭೆಯನ್ನು ಅಲ್ಲೇ ಕರೆದರು, ಕಾರ್ಟಿನಲ್ಲಿ ಕೂತೇ. ಬೆಲ್ಲಾವೇರಿ ವಿಲ್ಲಾಗಳಲ್ಲಿ ಬ್ಯಾಸ್ಕೆಟ್‌ಬಾಲ್ ಹೂಪ್ ಇರುವುದು ಮನೆತನದ ಸಂಪ್ರದಾಯವೇ ಆದ್ದರಿಂದ ಎಲ್ಲ ಮನೆಗಳಿಗೂ ಅನುಮತಿ ಕೊಡಬೇಕೆಂದು ಮಿಸೆಸ್ ಪ್ರೂಯಿಟ್ ಸೂಚಿಸಿದರು. ಬದರಿನಾಥ ಅನುಮೋದಿಸಿದ. ಮೂರು ಕೈ ಎದ್ದವು.

ನಿಧಿ ಅಪ್ಪನ ಸೊಂಟ ತಬ್ಬಿಕೊಂಡಳು. "ನಾಳೆ ಬೆಳಗ್ಗೆನೇ ಹಾಕ್ತೀನಿ," ಎಂದ ಶಿವಬಸಪ್ಪ. "ಸಂಡಿಗೆ ಎತ್ತಿದ ಕೂಡ್ಲೆ."

"ಎಲ್ಲಿ?" ಎಂದ ಕೌಂಟ್.

"ಇಲ್ಲೇ," ಶಿವಬಸಪ್ಪ ಡ್ರೈವ್‌ವೇಯ ನಡುವೆ ಬೆರಳು ತೋರಿಸಿದ.

ಕೌಂಟ್ ಕುರ್ಚಿಯಿಂದ ಎದ್ದ. ಕೋಲು ಅವನ ಕೈಯಲ್ಲೇ ಇತ್ತು.

"ಸಿಪಾಯಿಗಳೂ ಮೊದಲು ಹೀಗೇ ಅಂದಿದ್ದರು," ಎಂದ. "ನನ್ನ ಅಜ್ಜಿ ನಡುವೆ ಹೋಗಿ ನಿಂತಳು. ಜರ್ಮನರಿಗೆ ಹೆದರದವಳು. ಅಕ್ಕಿ ಮಲಗುವ ಜಾಗದಲ್ಲಿ ಚೆಂಡು ಬೀಳುವುದಿಲ್ಲ, ಎಂದಳು. ಅವರ ಸಾರ್ಜೆಂಟ್ ಟೋಪಿ ತೆಗೆದು ಕ್ಷಮೆ ಕೇಳಿ ಹೂಪನ್ನು ಕುದುರೆ ಲಾಯದ ಗೋಡೆಗೆ ಮೊಳೆ ಹೊಡೆದು ಕೂರಿಸಿದ."

ನಿಧಿ ಅಭ್ಯಾಸಬಲದಿಂದ ಇದನ್ನೂ ಅಜ್ಜಿಗೆ ತಿಳಿಸಿದಳು. ತಿಳಿಸುತ್ತ ತಿಳಿಸುತ್ತ ಕೊನೆಯ ವಾಕ್ಯದ ಹತ್ತಿರ ಅವಳ ದನಿ ಸಣ್ಣದಾಯಿತು.

"ಸರ್ಯಾಗೇಳಿದ್ಲು ಮುದುಕಿ," ಎಂದರು ಮಹಾದೇವಕ್ಕ. "ಅನ್ನ ಒಣಗೋ ಜಾಗ್ದಲ್ಲಿ ಚೆಂಡು ಕುಟ್ಟೋದಾ?"

"ಅದು ಇತಿಹಾಸದ ಮಾತಾಯಿತು," ಎಂದರು ಮಿಸೆಸ್ ಪ್ರೂಯಿಟ್. "ಧರ್ಮವೂ ಇದೆ. ಈ ನೆಲ ಪವಿತ್ರ ಅಂತ ಬೆಳಗ್ಗೆ ಶೀವಾನೇ ನನಗೆ ಹೇಳಿದ. ಹೇಳಿದೆ ತಾನೇ, ಹನೀ?"

ಶಿವಬಸಪ್ಪ ಬಾಯಿ ತೆರೆದ. ಇದು ಪೂಜೆಯಲ್ಲ, ಬರೀ ಸಂಡಿಗೆ ಎಂದರೆ ಮನೆಯ ಮುಂದೆ ಒಣಹಾಕಿದ್ದು ನಿಯಮ ಮುರಿದ ಹಾಗಾಗುತ್ತದೆ, ಹೂಪ್ ಹೋಯಿತು. ಪೂಜೆಯೇ ಹೌದು ಎಂದರೆ ನೆಲ ಪವಿತ್ರವಾಗುತ್ತದೆ, ಹೂಪ್ ಹೋಯಿತು. ಹದಿನೈದು ವರ್ಷ ಪ್ರೋಗ್ರಾಂ ಬರೆದವನಿಗೆ ಎರಡು ದಾರಿಯೂ ಒಂದೇ ಕಡೆ ಮುಟ್ಟುತ್ತವೆಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬದರಿನಾಥನ ಕಡೆ ನೋಡಿದ. ಬದರಿನಾಥ ಸಿಂಹಗಳಿದ್ದ ದಿಕ್ಕನ್ನು ನೋಡುತ್ತಿದ್ದ.

"ಹೌದು ಮೇಡಂ," ಎಂದ ಶಿವಬಸಪ್ಪ.

"ನಿಮ್ಮ ಭಾಷೆಯಲ್ಲಿ ಇದಕ್ಕೆ ಏನನ್ನುತ್ತಾರೆ?"

"ಕಣ."

ಮಿಸೆಸ್ ಪ್ರೂಯಿಟ್ ಎರಡನೆಯ ಸೂಚನೆ ಮಂಡಿಸಿದರು. ಹದಿನೇಳನೆಯ ನಂಬರ್ ಮನೆಯ ಡ್ರೈವ್‌ವೇ ಬೆಲ್ಲಾವೇರಿಯ ಏಕೈಕ ಕಣ. ಅದರ ಮೇಲೆ ಏನನ್ನೂ ನಿಲ್ಲಿಸಬಾರದು, ಚೆಂಡು ಆಡಬಾರದು, ಚಕ್ರ ಉರುಳಿಸಬಾರದು. ಕಣ ಎಂದು ಬರೆದ ಹಿತ್ತಾಳೆಯ ಫಲಕವನ್ನು ಅಸೋಸಿಯೇಷನ್ ಖರ್ಚಿನಲ್ಲಿ ಹಾಕಿಸಬೇಕು. ಬದರಿನಾಥ ಇದನ್ನೂ ಅನುಮೋದಿಸಿದ. ಮೂರು ಕೈ ಎದ್ದವು. ಕೌಂಟ್ ತನಗೆ ಮತದ ಹಕ್ಕಿಲ್ಲದಿದ್ದರೂ ನಾಲ್ಕನೆಯದನ್ನು ಎತ್ತಿದ. ಕಹಳೆಯ ಹುಡುಗರು ಕಡೆಗೂ ಒಟ್ಟಿಗೆ ಊದಿದರು.

"ಎಲ್ರಿಗೂ ಹೂಪ್ ಓಕೆ," ಎಂದಳು ನಿಧಿ, ಸರಿಯಾಗಿ ಅರ್ಥಮಾಡಿಕೊಂಡೆನೋ ಇಲ್ಲವೋ ಎಂದು ಅಪ್ಪನ ಮುಖ ನೋಡುತ್ತ. "ಎಕ್ಸೆಪ್ಟ್ ಅಸ್."

"ಹೌದು ಮರಿ."

ಕೌಂಟ್ ಒಂದು ಡಬ್ಬಿ ತುಂಬ ಸಂಡಿಗೆ ಕಟ್ಟಿಸಿಕೊಂಡು ಶಾರ್ಲೆಟ್ಟಿಗೆ ಹೊರಟ. ಮಹಾದೇವಕ್ಕನವರ ಕೈ ಹಿಡಿದು, ಮುಂದಿನ ವರ್ಷ ಜೂನ್ ತಿಂಗಳಿಗೆ ಮತ್ತೆ ಬರುವುದಾಗಿಯೂ ಅಷ್ಟು ಹೊತ್ತಿಗೆ ಕಣ ತುಂಬಿರಬೇಕೆಂದೂ ಹೇಳಿದ. ಮಹಾದೇವಕ್ಕ ಒಪ್ಪಿಕೊಂಡರು. ಅವರು ಮುಂದಿನ ವರ್ಷವೂ ಬರುತ್ತಾರೆಂಬುದು ಶಿವಬಸಪ್ಪನಿಗೆ ತಿಳಿದದ್ದು ಹಾಗೆ.

ಸಂಜೆ ಬದರಿನಾಥ ಮತ್ತೆ ಬಂದ. ಕೋನ್‌ಗಳ ಆಚೆ, ರಸ್ತೆಯಲ್ಲೇ ನಿಂತ.

"ಬೇಜಾರ್ ಮಾಡ್ಕೋಬೇಡಿ ಶಿವಬಸಪ್ಪ. ನಿಮ್ಮ ಮನೆ ಈಗ ಹೆರಿಟೇಜು."

"ನನ್ನ ವ್ಯಾನ್ ಗ್ಯಾರೇಜಲ್ಲೇ ಸಿಕ್ಕೊಂಡಿದೆ ಸಾರ್."

"ಅದಕ್ಕೊಂದು ಅಪ್ಲಿಕೇಶನ್ ಹಾಕಿ, ನೋಡೋಣ. ಅಂದ ಹಾಗೆ, ಈಗ ಎಲ್ರೂ ಹೂಪ್ ಹಾಕಿಸ್ತಾರೆ. ನಂದೊಂದೇ ಇಲ್ದಿದ್ರೆ ಪ್ರಾಪರ್ಟಿ ವ್ಯಾಲ್ಯೂ ಬೀಳತ್ತೆ. ನಿಮ್ಮದು ಹೇಗೂ ಪೆಟ್ಟಿಗೇಲೇ ಇದೆಯಲ್ಲ. ನಿಧಿ ನಮ್ಮನೇಲೇ ಬಂದು ಆಡ್ಲಿ ಪಾಪ. ನಂಗೇನೂ ಅಭ್ಯಂತರ ಇಲ್ಲ."

ಶಿವಬಸಪ್ಪ ತಿರುಗಿ ನೋಡಿದ. ನಿಧಿ ಮೆಟ್ಟಿಲ ಮೇಲೆ ಕೂತು, ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು, ಅಳಿಲು ಕಾಯುತ್ತಿದ್ದಳು.

ಮರುದಿನ, ನಿಧಿಗೆ ಹತ್ತು ತುಂಬಿದ ಭಾನುವಾರ, ಬದರಿನಾಥನ ಡ್ರೈವ್‌ವೇಯಲ್ಲಿ ಹೂಪ್ ನಿಂತಿತು. ಗುಂಡಿ ತೋಡಿದವನು ಶಿವಬಸಪ್ಪ. ನೀರಜಾಳ ಕಾರು ರಸ್ತೆಯಲ್ಲಿ ನಿಂತಿದ್ದಕ್ಕೆ ಅಸೋಸಿಯೇಷನ್ನಿನ ನೋಟಿಸು ಮಂಗಳವಾರದ ಅಂಚೆಯಲ್ಲಿ ಬಂತು.